ಬೆನ್ನಿನ ದಸ್ತೂರು

ಈ ಊರಿಗೆ ವರ್ಗವಾಗಿ ಬಂದ ಎರಡನೆಯ ದಿನವೇ ನನ್ನ ಕುರ್ಚಿ ತನ್ನ ಹಳೆಯ ಮನೆಗೆ ಹೋಯಿತು. ಮ್ಯಾನೇಜರ್ ಎಂದ ಮೇಲೆ ಕೂರಲು ನೆಟ್ಟಗಿನ ಕುರ್ಚಿಯಾದರೂ ಬೇಡವೇ ಎಂದು ಪೇಟೆಯ ಬಡಗಿಯಿಂದ ನನ್ನ ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ತೇಗದ ಕುರ್ಚಿ ಅದು. ಬೆಳಿಗ್ಗೆ ಬ್ಯಾಂಕಿನ ಬೀಗ ತೆಗೆದು ನೋಡಿದರೆ ಕುರ್ಚಿ ಇಲ್ಲ. ಕಳವಾಯಿತೆಂದು ಹೌಹಾರಿ ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಆ ಕಡೆಯಿದ್ದ ದಫೇದಾರ ಆಕಳಿಸಿ, ಬಡಗಿಯ ಮನೆ ಮುಂದೆ ನೋಡಿ ಮೇಡಂ, ಅವನಿಗಿನ್ನೂ ಬಿಡಲು ಮನಸ್ಸಾಗಿರಲಿಕ್ಕಿಲ್ಲ ಎಂದು ಹೇಳಿ ಫೋನ್ ಇಟ್ಟ. ಹೋಗಿ ನೋಡಿದರೆ ಕುರ್ಚಿ ಬಡಗಿಯ ಹೊಸ್ತಿಲ ಬಳಿ ನಿಂತಿತ್ತು. ಬಡಗಿ ನಾಚಿಕೊಂಡು, ಕುರ್ಚಿಯ ಕೈಯ ಕೆತ್ತನೆ ಚೆಂದ ಬಂದುಬಿಟ್ಟಿತ್ತು, ಅದಕ್ಕೇ ಹೀಗಾಯಿತು ಎಂದು ಚಹಾ ಕುಡಿಸಿ ಮತ್ತೆ ಕಳಿಸಿಕೊಟ್ಟ. ಮೂರನೆಯ ಸಲಕ್ಕೆ ಕುರ್ಚಿ ನಿಂತಿತು.

ಈ ಊರು ಇರುವುದೇ ಹೀಗೆ. ಮಾರಿದವರ ಮನಸ್ಸು ಬಿಡದ ಹೊರತು ವಸ್ತು ಕೊಂಡವರ ಮನೆಯಲ್ಲಿ ನಿಲ್ಲುವುದಿಲ್ಲ. ಬೆಳಗಾಗುವುದರೊಳಗೆ ಹಳೆಯ ಮನೆಗೆ ಬಂದು ನಿಂತಿರುತ್ತದೆ. ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಯಾರೂ ನೋಡಿಲ್ಲ, ನೋಡುವ ಚಪಲವೂ ಯಾರಿಗೂ ಇಲ್ಲ. ಹೊಸದಾಗಿ ಒರಳು ಕೊಂಡವರು ಬೆಳಿಗ್ಗೆ ಎದ್ದಾಗ ಒರಳಿದ್ದರೆ ರುಬ್ಬುತ್ತಾರೆ, ಇಲ್ಲದಿದ್ದರೆ ಅವಲಕ್ಕಿ ತಿನ್ನುತ್ತಾರೆ. ಸಿದ್ರಾಮ ಎಂಬವನು ಒಂದು ತಳ್ಳುಗಾಡಿ ಇಟ್ಟುಕೊಂಡು, ಹೀಗೆ ಮರಳಿ ಹೋದ ವಸ್ತುಗಳನ್ನು ಮತ್ತೆ ಕೊಂಡವರ ಮನೆಗೆ ಮುಟ್ಟಿಸುವುದರಲ್ಲೇ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದಾನೆ. ಇದಕ್ಕೆಲ್ಲ ಸೇರಿ ಊರಿನವರು ಹಿಂದೂ ಮುಸಲ್ಮಾನರೆನ್ನದೆ ಒಪ್ಪಿಕೊಂಡ ಕಟ್ಟಳೆಯೊಂದಿದೆ, ಅದರ ಹೆಸರು ಬೆನ್ನಿನ ದಸ್ತೂರು. ಮಾರುವವನು ಚಾವಡಿಯ ಮುಂದೆ ವಸ್ತುವಿನ ಮೇಲೆ ಕೈಯಿಟ್ಟು, ಬಿಟ್ಟೆ ಎಂದು ಮೂರು ಸಲ ಹೇಳಿ, ಬೆನ್ನು ತಿರುಗಿಸಿ, ಹಿಂದೆ ನೋಡದೆ ಮನೆಗೆ ನಡೆಯಬೇಕು. ಏಳು ಜನ ಗಂಡಸರು ಸಾಕ್ಷಿ. ಇದನ್ನು ನಡೆಸಿಕೊಡುವವರು ಚಾವಡಿಯ ಹಿರಿಯ ಮುದಕಪ್ಪ. ಎಂಬತ್ತು ದಾಟಿದವರು, ಅವಸರ ಎಂಬುದರ ಪರಿಚಯವೇ ಇಲ್ಲದವರು.

ಇಂಥ ಊರಿಗೆ ನಮ್ಮ ಬ್ಯಾಂಕು ಬಂದು ಕೂತಿದೆ. ನಮ್ಮದು ಬಡ್ಡಿ ಇಲ್ಲದ ಬ್ಯಾಂಕು, ಶರೀಅತ್ತಿನ ಪ್ರಕಾರ ನಡೆಯುವಂಥದು. ನಾವು ಸಾಲವೆಂದು ದುಡ್ಡು ಕೊಡುವುದಿಲ್ಲ. ನಿಮಗೊಂದು ಹೊಲಿಗೆ ಯಂತ್ರ ಬೇಕೆಂದರೆ ಮೊದಲು ನಾವು ಅದನ್ನು ಕೊಂಡು ನಮ್ಮದು ಮಾಡಿಕೊಳ್ಳುತ್ತೇವೆ. ಆಮೇಲೆ ಇಷ್ಟು ಲಾಭ ಇಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳಿ ನಿಮಗೆ ಕಂತಿನ ಮೇಲೆ ಮಾರುತ್ತೇವೆ. ಕೇಳಲು ಸರಳ. ಬೇರೆ ಊರುಗಳಲ್ಲಿ ಇದು ಒಂದೇ ಮೇಜಿನ ಮೇಲೆ, ಎರಡು ಕಾಗದದಲ್ಲಿ, ಚಹಾ ಆರುವುದರೊಳಗೆ ಮುಗಿಯುತ್ತದೆ. ವಸ್ತು ಇದ್ದಲ್ಲಿಂದ ಅಲುಗುವುದೂ ಇಲ್ಲ. ಇಲ್ಲಿ ಮಾತ್ರ ಪ್ರತಿ ವಸ್ತುವಿಗೂ ಎರಡು ಸಲ ಯಾರಾದರೂ ನಿಜವಾಗಿ ಮನಸ್ಸು ಬಿಡಬೇಕು. ನನಗಿಂತ ಮೊದಲಿದ್ದ ಮ್ಯಾನೇಜರು ಕೊನೆಯ ಕಂತು ಬರುವವರೆಗೆ ಯಾವುದರ ಮೇಲೂ ಮನಸ್ಸು ಬಿಡಲಾರದ ಮನುಷ್ಯ. ತಪಾಸಣೆಗೆ ಬಂದ ಅಧಿಕಾರಿಗಳು ಭದ್ರತಾ ಕೋಣೆ ತೆಗೆಸಿದಾಗ ಒಳಗೆ ಎರಡು ಆಡು, ಚಹಾದಂಗಡಿಯ ಒಲೆ ಮತ್ತು ಮದುವೆ ಬ್ಯಾಂಡಿನ ಒಂದು ಡೋಲು ಇದ್ದವಂತೆ. ಆಡುಗಳು ಮೂರು ವರ್ಷದ ಫೈಲು ತಿಂದಿದ್ದವು. ಅವರ ಜಾಗಕ್ಕೆ, ತಾಹಿರಾ ಬಹಳ ಕಟ್ಟುನಿಟ್ಟು ಎಂದು ಹೊಗಳಿ, ನನ್ನನ್ನು ಹಾಕಿದರು.

ಮುಖ್ಯ ಕಚೇರಿಯವರು ತಿಂಗಳಿಗೊಂದು ಪಟ್ಟಿ ಕಳಿಸುತ್ತಾರೆ. ಯಾವ ಶಾಖೆಯ ಸಾಧನೆ ಎಷ್ಟು, ಯಾರು ಮೇಲೆ, ಯಾರು ಕೆಳಗೆ. ಅರವತ್ತೊಂದು ಶಾಖೆಗಳಲ್ಲಿ ನಮ್ಮದು ಅರವತ್ತೊಂದನೆಯದು. ಕಾರಣ ಬರೆಯಲು ಎರಡು ಬೆರಳಷ್ಟು ಜಾಗ ಬಿಟ್ಟಿರುತ್ತಾರೆ. ಅಷ್ಟರಲ್ಲಿ ನಾನು ಏನು ಬರೆಯಲಿ? ಒಮ್ಮೆ ಸಿಟ್ಟಿನಿಂದ, ಮಾರಿದ ವಸ್ತು ನಿಲ್ಲುತ್ತಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಸ್ಥಳೀಯ ಪದ್ಧತಿಗಳನ್ನು ಗೌರವಿಸಿ, ಗುರಿಯನ್ನೂ ಮುಟ್ಟಿ ಎಂದು ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು ಪತ್ರ: ಈ ತಿಂಗಳೊಳಗೆ ಒಂದಾದರೂ ವ್ಯಾಪಾರ ಪೂರ್ತಿ ಮುಗಿಯದಿದ್ದರೆ ಶಾಖೆಗೆ ಬೀಗ. ನಿಜ ಹೇಳಬೇಕೆಂದರೆ ಬೀಗ ಬಿದ್ದರೆ ಬೀಳಲಿ, ನನಗೆ ಈ ಊರಿನಿಂದ ಬಿಡುಗಡೆ ಸಿಕ್ಕರೆ ಸಾಕು ಅನ್ನಿಸಿತ್ತು. ಆದರೆ ಅದೇ ವಾರ ದಾವಲಬಿ ಬಂದಳು.

ದಾವಲಬಿ ಹತ್ತಿ ಹಿಂಜುವ ನದಾಫರ ಓಣಿಯಲ್ಲಿ ಗಾದಿ ಹೊಲಿಯುವವಳು. ನಲವತ್ತರ ಆಸುಪಾಸು, ತಲೆಗೂದಲ ತುಂಬ ಹತ್ತಿಯ ಎಳೆ. ಇಪ್ಪತ್ತು ವರ್ಷದಿಂದ ಬೇರೆಯವರ ಅಂಗಡಿಯ ಜಗಲಿಯಲ್ಲಿ ಕೂತು ಕೂಲಿಗೆ ಹೊಲಿದವಳು. ಹೊಸದಾಗಿ ಕಟ್ಟಿದ ಹುಡುಗಿಯರ ಹಾಸ್ಟೆಲ್ಲಿಗೆ ಅರವತ್ತು ಗಾದಿ ಮಾಡಿಕೊಡುವ ಕೆಲಸ ಹೇಗೋ ಅವಳಿಗೆ ಒಲಿದಿತ್ತು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಕೆಲಸ ಸ್ಪಂಜಿನ ಗಾದಿ ಮಾರುವವನ ಪಾಲಾಗುತ್ತದೆ. ಅಷ್ಟು ಹತ್ತಿಯನ್ನು ಕೈಬಿಲ್ಲಿನಲ್ಲಿ ಹಿಂಜುತ್ತ ಕೂತರೆ ವರ್ಷ ಬೇಕು. ಅದೇ ಓಣಿಯ ಲಾಲಸಾಬರ ಮನೆಯಲ್ಲಿ ಹತ್ತಿ ಹಿಂಜುವ ಹಳೆಯ ಮಶೀನು ಇತ್ತು. ಉಸಿರಾಟದ ತೊಂದರೆಯಿಂದ ಮುದುಕರು ಕೆಲಸ ಬಿಟ್ಟು ಅದನ್ನು ಮಾರಲು ಕಾದಿದ್ದರು. ಬ್ಯಾಂಕು ಅದನ್ನು ಕೊಂಡು ತನಗೆ ಮಾರಬೇಕೆಂಬುದು ದಾವಲಬಿಯ ಬೇಡಿಕೆ.

"ಈ ಒಂದು ಮಶೀನು ನನ್ನ ಮನ್ಯಾಗ ನಿಂತ್ರ ಸಾಕ್ರಿ ಆಪಾ. ಮತ್ತ ನಾ ಯಾರ ಜಗಲಿ ಮ್ಯಾಲೂ ಕೂಡೂದಿಲ್ಲ," ಎಂದಳು.

ನನ್ನ ಎದುರಿಗೆ ಕೂತು ಯಾರೂ ಅಷ್ಟು ನೇರವಾಗಿ ಒಂದು ವಸ್ತುವನ್ನು ಬೇಡಿದ್ದಿಲ್ಲ. ಆಗಲಿ ಎಂದುಬಿಟ್ಟೆ.

ನಮ್ಮ ಬ್ಯಾಂಕಿಗೆ ಶರೀಅತ್ತಿನ ಸಲಹೆಗಾರರೊಬ್ಬರಿದ್ದಾರೆ, ಮೌಲವಿ ಖಮರುದ್ದೀನ್. ತೆಳ್ಳಗಿನ, ಮೆತ್ತಗಿನ ಮನುಷ್ಯ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಪ್ರತಿ ಮಾತಿನ ಮೊದಲೂ ಒಮ್ಮೆ ಕೆಮ್ಮುತ್ತಾರೆ. ಅವರಿಗೂ ಮುದಕಪ್ಪನವರಿಗೂ ಜಗಳವಾದೀತು, ಅದನ್ನು ಬಿಡಿಸುವುದರಲ್ಲಿ ತಿಂಗಳು ಹೋದೀತು ಎಂದು ನಾನು ಹೆದರಿದ್ದೆ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇಬ್ಬರೂ ಒಬ್ಬರಿಗೊಬ್ಬರು ಗೌರವ ಕೊಡುವುದರಲ್ಲೇ ಮೂರು ದಿನ ಕಳೆದರು. ಕೊಂಡ ವಸ್ತು ನಿಜವಾಗಿ ಕೈಗೆ ಬರದೆ ಮಾರಬಾರದು ಎಂದು ಮೌಲವಿಗಳು ಹೇಳಿದರೆ, ನಮ್ಮ ದಸ್ತೂರೂ ಅದನ್ನೇ ಹೇಳುತ್ತದೆ ಎಂದು ಮುದಕಪ್ಪ ತಲೆದೂಗುವರು. ಮುದಕಪ್ಪ ಏಳು ಸಾಕ್ಷಿ ಎಂದರೆ, ಇಬ್ಬರು ಸಾಕಾದರೂ ಏಳಿದ್ದರೆ ತಪ್ಪಿಲ್ಲ ಎಂದು ಮೌಲವಿಗಳು ಒಪ್ಪುವರು. ಕೊನೆಗೆ ಒಂದೇ ತೊಡಕು ಉಳಿಯಿತು. ಬ್ಯಾಂಕು ಮಾರುವಾಗ ಬೆನ್ನು ತಿರುಗಿಸಬೇಕಾದವರು ಯಾರು?

"ಬ್ಯಾಂಕಿಗೆ ಬೆನ್ನು ಎಲ್ಲೈತ್ರಿ ಮೇಡಂ?" ಎಂದು ಮುದಕಪ್ಪ ನಗದೆ ಕೇಳಿದರು. ನನ್ನದೇ ಬ್ಯಾಂಕಿನ ಬೆನ್ನು ಎಂದು ತಿಳಿಯಿರಿ ಎಂದೆ.

ಲಾಲಸಾಬರ ಗುರುತಿನ ಚೀಟಿ, ಮಾರಾಟದ ಪತ್ರ ಎಲ್ಲವನ್ನೂ ನಾನೇ ಎರಡೆರಡು ಸಲ ನೋಡಿದೆ. ಮಾಲೀಕರು ಎಷ್ಟು ಜನ ಎಂಬಲ್ಲಿ ಲಾಲಸಾಬರು ಒಬ್ಬನೇ ಎಂದು ಬರೆಸಿದ್ದರು. ಸಹಿ ಬಿದ್ದ ಕಾಗದವನ್ನು ನಾನು ನಂಬುತ್ತೇನೆ. ಅಬ್ಬಾ ತೀರಿಕೊಂಡ ನಲವತ್ತು ದಿನಕ್ಕೆ ನನ್ನ ಇಬ್ಬರು ತಮ್ಮಂದಿರು ನನ್ನನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದರು. ಒಂದು ರೇಷ್ಮೆ ಸೀರೆ, ಒಂದು ಬಿರಿಯಾನಿ ಊಟ. ಮನೆ, ಅಂಗಡಿ, ಅಬ್ಬಾ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಿದ ಅತ್ತರಿನ ಪೆಟ್ಟಿಗೆ, ಎಲ್ಲ ಅವರದಾಯಿತು. ತೋರಿಸಿದ ಕಡೆ ನಾನು ಸಹಿ ಹಾಕಿ ಎದ್ದು ಬಂದಿದ್ದೆ. ಸಹಿ ಆದ ಮೇಲೆ ಮಾತು ಮುಗಿದ ಹಾಗೆ ಎಂದು ತಿಳಿದವಳು ನಾನು.

ಸೋಮವಾರ ಲಾಲಸಾಬರು ಮಶೀನಿನ ಮೇಲೆ ಕೈಯಿಟ್ಟು ಮೂರು ಸಲ ಬಿಟ್ಟೆ ಎಂದು ಬೆನ್ನು ತಿರುಗಿಸಿದರು. ಮಶೀನು ಬ್ಯಾಂಕಿಗೆ ಬಂತು. ಮಂಗಳವಾರ ಬೆಳಿಗ್ಗೆ ಅದು ಬ್ಯಾಂಕಿನಲ್ಲಿರಲಿಲ್ಲ. ಹೋಗಲಿ, ಮೊದಲ ಸಲ ಎಲ್ಲರಿಗೂ ಹೀಗಾಗುತ್ತದೆ ಎಂದು ಸಿದ್ರಾಮ ಗಾಡಿಯ ಮೇಲೆ ಹೇರಿಕೊಂಡು ಬಂದ. ಬುಧವಾರ ಮತ್ತೆ ಹೋಯಿತು. ಗುರುವಾರವೂ. ಮುದುಕರ ಮನಸ್ಸು ಬಿಟ್ಟಿಲ್ಲ ಎಂದು ಚಾವಡಿಯಲ್ಲಿ ಗುಸುಗುಸು ಆಯಿತು, ಹೆಚ್ಚು ಬೆಲೆಗೆ ಆಟ ಹೂಡಿದ್ದಾರೆ ಎಂದೂ ಕೆಲವರು ಆಡಿಕೊಂಡರು. ಲಾಲಸಾಬರನ್ನು ಕರೆಸಿ ಮತ್ತೊಮ್ಮೆ ಬಿಟ್ಟೆ ಅನ್ನಿಸಿದರು. ಈ ಸಲ ಕಣ್ಣಿಗೆ ಬಟ್ಟೆ ಕಟ್ಟಿ, ಅವರ ಕೈಹಿಡಿದು ಮನೆಗೆ ನಡೆಸಿದರು. ಮಾರನೆಯ ದಿನ ಮಶೀನು ಅವರ ಮನೆಯಲ್ಲೇ. ಮೌಲವಿಗಳು ಅವರ ಕೈಯಲ್ಲಿ ಆಣೆ ಮಾಡಿಸಿದರು. ಆ ಮುದುಕರು ಎಲ್ಲರೆದುರು ಅತ್ತು, ತನಗೆ ಆ ಮಶೀನಿನ ಸದ್ದು ಕೇಳಿದರೇ ಎದೆ ಹಿಡಿದುಕೊಳ್ಳುತ್ತದೆ, ಎಂದೋ ಬಿಟ್ಟಿದ್ದೇನೆ, ಅಲ್ಲಾನ ಮುಂದೆ ಸುಳ್ಳು ಹೇಳಲೇ ಎಂದರು. ನನಗೆ ಪಾಪ ಅನ್ನಿಸಿತು, ಸಿಟ್ಟೂ ಇಳಿಯಲಿಲ್ಲ. ಹನ್ನೊಂದು ದಿನ ಹೋಗಿತ್ತು. ಹಾಸ್ಟೆಲ್ಲಿನವರು ದಾವಲಬಿಗೆ ಎರಡು ಸಲ ಹೇಳಿಕಳಿಸಿದ್ದರು. ಅವಳು ದಿನಾ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದಳು. ಒಳಗೆ ಇಣುಕಿ, ಮಶೀನಿಲ್ಲದ್ದನ್ನು ನೋಡಿ, ಏನೂ ಹೇಳದೆ ಹೋಗುತ್ತಿದ್ದಳು. ಬೈದು ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಹನ್ನೆರಡನೆಯ ಬೆಳಿಗ್ಗೆ ನನಗೆ ತಡೆಯಲಾಗದೆ ಸಿದ್ರಾಮನ ಗಾಡಿಯ ಹಿಂದೆ ನಾನೇ ಹೊರಟೆ. ಲಾಲಸಾಬರ ಮನೆಯ ಮುಂದೆ ಮಶೀನು ಕಾಣಲಿಲ್ಲ. ಸಿದ್ರಾಮ ಗಾಡಿ ನಿಲ್ಲಿಸದೆ ಮನೆಯ ಪಕ್ಕದ ಸಂದಿಯಲ್ಲಿ ತಿರುಗಿಸಿ ಹಿತ್ತಲಿಗೆ ಹೋದ. ಇಲ್ಲಿಗೇಕೆ ಎಂದು ಕೇಳಿದೆ. ದಿನಾ ಇಲ್ಲೇ ಇರುತ್ತದೆ, ಮುಂಬಾಗಿಲಿಗೆ ಒಂದು ಸಲವೂ ಬಂದಿಲ್ಲ ಎಂದ. ಇದನ್ನು ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದ. ಹನ್ನೆರಡು ದಿನ! ಅವನ ತಲೆಗೆ ಒಂದು ಮೊಟಕಬೇಕೆಂದು ಕೈ ತುರಿಸಿತು.

ಹಿತ್ತಲಲ್ಲಿ ತಗಡು ಹೊದೆಸಿದ ಒಂದು ಕೋಣೆ, ಅದರ ಬಾಗಿಲಿಗೆ ಒರಗಿದಂತೆ ಮಶೀನು ನಿಂತಿತ್ತು. ಐವತ್ತು ದಾಟಿದ ಹೆಂಗಸೊಬ್ಬರು ಅದರ ಉರುಳೆಯ ಮೊಳೆಗಳಿಗೆ ಸಿಕ್ಕ ಹಳೆಯ ಹತ್ತಿಯನ್ನು ಕಡ್ಡಿಯಿಂದ ಬಿಡಿಸುತ್ತಿದ್ದರು. ಲಾಲಸಾಬರ ತಂಗಿ ಬೀಬಿಜಾನ. ಗಂಡ ಸತ್ತ ಮೇಲೆ ಅಣ್ಣನ ಹಿತ್ತಲಿಗೆ ಬಂದು ಹದಿನಾರು ವರ್ಷವಾಗಿತ್ತಂತೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, ಕೂರಲು ಮಣೆ ಕೊಟ್ಟರು. ಮಶೀನು ಯಾರದ್ದು ಎಂದು ಕೇಳಿದೆ. ತಮ್ಮ ತಂದೆಯದು ಎಂದರು. ತಂದೆಯ ಕೈ ನಡುಗತೊಡಗಿದ ಮೇಲೆ ಮೊಳೆ ಕೂರಿಸುವುದು, ಪಟ್ಟಿ ಬಿಗಿಯುವುದು ಎಲ್ಲ ಬೀಬಿಜಾನರಿಗೇ ಕಲಿಸಿದ್ದರು. ಲಾಲಸಾಬರಿಗೆ ಅದು ಎಂದೂ ಬರಲಿಲ್ಲ. ನೀವು ಇದನ್ನು ಬಿಟ್ಟಿದ್ದೀರಾ ಎಂದು ಕೇಳಿದೆ.

ಬೀಬಿಜಾನ ಕೈಯಲ್ಲಿದ್ದ ಕಡ್ಡಿಯನ್ನು ಮಶೀನಿನ ಮೇಲಿಟ್ಟರು.

"ಬಿಟ್ಟಿ ಏನಬೇ ಅಂತ ನನ್ನ ಯಾರೂ ಕೇಳಿಲ್ರಿ," ಎಂದರು. "ನೀವು ಕೇಳಿದ್ರಿ ನೋಡ್ರಿ, ಇವತ್ತ."

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ. ಏಳು ಸಾಕ್ಷಿ, ಮೂರು ಸಲ ಬಿಟ್ಟೆ, ಆಣೆ, ಕಣ್ಣಿಗೆ ಬಟ್ಟೆ, ಎರಡೆರಡು ಸಲ ನೋಡಿದ ಕಾಗದ. ಹಿತ್ತಲಿಗೆ ಬರಲು ನಮಗೆ ಹನ್ನೆರಡು ದಿನ ಬೇಕಾಯಿತು.

ಅದೇ ದಿನ ಚಾವಡಿ ಸೇರಿಸಿದೆ. ನಾನು ಹೇಳಿದ್ದನ್ನು ಕೇಳಿ ಮುದಕಪ್ಪ ತಲೆಯಾಡಿಸಿದರು. ಉಡಿ ತುಂಬಿ ಕಳಿಸಿದ ಹೆಣ್ಣುಮಗಳಿಗೆ ತವರಿನ ವಸ್ತುವಿನಲ್ಲಿ ಪಾಲಿಲ್ಲ, ಇದು ಎಲ್ಲ ಓಣಿಗೂ ಅನ್ವಯವಾಗುವ ದಸ್ತೂರು ಎಂದರು. ನಾನು ಮೌಲವಿಗಳತ್ತ ತಿರುಗಿ, ನಿಮ್ಮ ಕಿತಾಬು ಏನು ಹೇಳುತ್ತದೆ ಎಂದು ಕೇಳಿದೆ. ಅವರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಒಬ್ಬ ಮಗ, ಒಬ್ಬ ಮಗಳು ಇದ್ದರೆ ಮೂರರಲ್ಲಿ ಒಂದು ಪಾಲು ಮಗಳದು, ಅದರಲ್ಲಿ ಅನುಮಾನವಿಲ್ಲ, ಅವಳ ಪಾಲನ್ನು ಅವಳನ್ನು ಕೇಳದೆ ಮಾರಿದರೆ ಆ ವ್ಯಾಪಾರ ಕೂಡುವುದಿಲ್ಲ ಎಂದರು. ಇದು ಮೊದಲೇ ಗೊತ್ತಿತ್ತೇ ಎಂದೆ. ಗೊತ್ತಿತ್ತು ಎಂದು ನೆಲ ನೋಡಿದರು.

"ಊರಿನ ದಸ್ತೂರಿಗೆ ಅಡ್ಡ ಬರೂದು ಬ್ಯಾಡ ಅಂತ ಕೇಳಲಿಲ್ಲ. ನಮ್ಮ ಮನ್ಯಾಗೂ ತಂಗಿ ಅದಾಳ. ಅಕಿನ್ನೂ ಕೇಳಿಲ್ಲ ನಾ," ಎಂದರು. ಆ ದಿನ ಅವರು ಕೆಮ್ಮದೆ ಆಡಿದ ಮಾತು ಅದೊಂದೇ.

ಬೀಬಿಜಾನರನ್ನು ಕರೆಸಿದರು. ಹೆಂಗಸರು ಚಾವಡಿಯ ಕಲ್ಲು ಹತ್ತುವ ರೂಢಿಯಿಲ್ಲವಾದ್ದರಿಂದ ಅವರು ಕೆಳಗೆ, ಸಿದ್ರಾಮ ತಂದು ಇಳಿಸಿದ್ದ ಮಶೀನಿನ ಪಕ್ಕ ನಿಂತರು. ಮುದಕಪ್ಪನವರೇ ಇಷ್ಟವಿಲ್ಲದ ಮನಸ್ಸಿನಿಂದ, ಬಿಟ್ಟೆಯೇನವ್ವಾ ಎಂದು ಕೇಳಿದರು. ಇಲ್ಲ ಎಂದರು ಬೀಬಿಜಾನ. ದಾವಲಬಿ ಜನರ ನಡುವಿನಿಂದ ಮುಂದೆ ಬಂದಳು.

"ಮೂರರಾಗ ಒಂದು ನಂದು ನನ್ನ ಕೈಯಾಗ ಇಡ್ರಿ. ಬಿಡೂದು ಆಮ್ಯಾಲ," ಎಂದರು ಬೀಬಿಜಾನ. ಆಮೇಲೆ ದಾವಲಬಿಯ ಕಡೆ ತಿರುಗಿ, "ಮೊಳೆ ಕೂಡಿಸೂದು ನಿನಗ ಬರೂದಿಲ್ಲ. ನಾ ಬಂದು ಕೂಡಿಸ್ತೇನಿ. ಕೂಲಿ ಅಲ್ಲ, ಪಾಲಿನ ಮ್ಯಾಲ," ಎಂದರು.

ಗಂಡಸರೆಲ್ಲ ಮುದಕಪ್ಪನವರ ಬಾಯಿ ನೋಡಿದರು. ಅವರು ಮಶೀನನ್ನೇ ನೋಡುತ್ತ ಕೂತರು. ಎಷ್ಟು ಹೊತ್ತೆಂದರೆ ನಿದ್ದೆ ಹೋದರೇನೋ ಎಂದುಕೊಂಡೆ. ಕೊನೆಗೆ, ಅದು ಹನ್ನೆರಡು ದಿನ ಯಾರ ಬಾಗಿಲಿಗೆ ಹೋಯಿತೋ ಅವರದೇ ಮಾತು ನಡೆಯಲಿ, ನಾವು ದಸ್ತೂರನ್ನು ಸುಮ್ಮನೆ ಬಾಯಲ್ಲಿ ಹೇಳುತ್ತೇವೆ, ಅದು ನಡೆದು ತೋರಿಸಿದೆ ಎಂದರು. ಲಾಲಸಾಬರು ಬ್ಯಾಂಕು ಕೊಟ್ಟ ದುಡ್ಡಿನಲ್ಲಿ ಮೂರನೆಯ ಪಾಲನ್ನು ತಂಗಿಯ ಸೆರಗಿಗೆ ಹಾಕಿದರು. ಅವರ ಮುಖದಲ್ಲಿ ಬೇಸರವಿರಲಿಲ್ಲ; ಸುಳ್ಳುಗಾರ ಎಂಬ ಮಾತು ಹೋಯಿತಲ್ಲ ಎಂಬ ಸಮಾಧಾನವಿತ್ತು. ನಾನು ಕಾಗದದಲ್ಲಿ ಮಾಲೀಕರು ಇಬ್ಬರು ಎಂದು ತಿದ್ದಿದೆ. ಅಣ್ಣ ತಂಗಿ ಇಬ್ಬರೂ ಕೈಯಿಟ್ಟು, ಬಿಟ್ಟೆ ಎಂದು, ಬೆನ್ನು ತಿರುಗಿಸಿ ನಡೆದರು. ಮಾರನೆಯ ಬೆಳಿಗ್ಗೆ ಮಶೀನು ಬ್ಯಾಂಕಿನಲ್ಲೇ ಇತ್ತು. ಬ್ಯಾಂಕಿನ ಬೆನ್ನಾಗಿ ನಾನು ತಿರುಗಿದೆ. ಅದರ ಮಾರನೆಯ ದಿನ ಅದು ದಾವಲಬಿಯ ಮನೆಯಲ್ಲಿ ಗಡಗಡ ಸದ್ದು ಮಾಡುತ್ತ, ಓಣಿಯ ತುಂಬ ಹತ್ತಿ ಹಾರಿಸುತ್ತಿತ್ತು. ಬೀಬಿಜಾನ ಉರುಳೆಯ ಮುಂದೆ, ದಾವಲಬಿ ಸೂಜಿ ಹಿಡಿದು ಪಕ್ಕದಲ್ಲಿ. ತಿಂಗಳ ಕೊನೆಗೆ ಅರವತ್ತು ಗಾದಿಯೂ ಗಡುವಿಗಿಂತ ಒಂದು ದಿನ ಮೊದಲೇ ಹಾಸ್ಟೆಲ್ಲು ಸೇರಿದವು. ಮಶೀನು ಅವಳ ಮನೆಯಲ್ಲಿ ನಿಂತ ದಿನವೇ ನಾನು ಮುಖ್ಯ ಕಚೇರಿಗೆ ಒಂದು ವ್ಯಾಪಾರ ಪೂರ್ತಿ ಮುಗಿಯಿತೆಂದು ಬರೆದು, ಹದಿನೈದು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಊಟ ಮಾಡಿದೆ.

ನೆಮ್ಮದಿ ಒಂದು ದಿನದ್ದು. ಮಾರನೆಯ ಬೆಳಿಗ್ಗೆ ಬ್ಯಾಂಕಿಗೆ ಹೊರಟರೆ ರಸ್ತೆಯಲ್ಲಿ ನಡೆಯಲು ಜಾಗವಿಲ್ಲ. ಅಲ್ಲೊಂದು ಮಂಚ, ಇಲ್ಲೊಂದು ಕಪಾಟು, ಒಂದು ಮನೆಯ ಮುಂದೆ ಮೂರು ಹಂಡೆ, ಇನ್ನೊಂದರ ಮುಂದೆ ಎಮ್ಮೆ. ಕಿರಾಣಿ ಅಂಗಡಿಯ ತಕ್ಕಡಿ ಅಂಗಡಿಯವನ ಅಕ್ಕನ ಕಟ್ಟೆಯ ಮೇಲಿತ್ತು. ಬಡಗಿಯ ಉಳಿಯ ಪೆಟ್ಟಿಗೆ ಅವನ ತಂಗಿಯ ಅಡುಗೆಮನೆ ಸೇರಿತ್ತು. ಒಬ್ಬ ಹೆಣ್ಣುಮಗಳನ್ನು ಚಾವಡಿಯಲ್ಲಿ ಕೇಳಿದರಂತೆ ಎಂಬ ಮಾತು ಮನೆಮನೆಗೆ ಮುಟ್ಟಿತ್ತು. ಇಷ್ಟು ವರ್ಷ ಹೋಗಲಿ ಬಿಡು ಎಂದುಕೊಂಡು ಸುಮ್ಮನಿದ್ದವರೆಲ್ಲ ಆ ಒಂದು ಬೆಳಿಗ್ಗೆ ಸುಮ್ಮನಿರುವುದನ್ನು ನಿಲ್ಲಿಸಿದ್ದರು. ಮುದಕಪ್ಪನವರು ತಾವು ಐವತ್ತು ವರ್ಷ ಕೂತ ಚಾವಡಿಯ ಜಮಖಾನೆ ಕಾಣದೆ ಬರಿಯ ಕಲ್ಲಿನ ಮೇಲೆ ಕೂತಿದ್ದರು. ಅದನ್ನು ನೇಯ್ದವರು ಅವರ ಅಕ್ಕ. ಬ್ಯಾಂಕಿನ ಹಳೆಯ ವ್ಯಾಪಾರಗಳಲ್ಲಿ ಮುಕ್ಕಾಲು ಪಾಲು ರಸ್ತೆಗೆ ಬಂದು ನಿಂತಿದ್ದವು. ಮೌಲವಿಗಳು ಬ್ಯಾಂಕಿನ ಜಗಲಿಯಲ್ಲಿ ಮೇಜು ಹಾಕಿಕೊಂಡು, ಸಾಲಾಗಿ ನಿಂತ ಮುಸಲ್ಮಾನ ಹೆಂಗಸರಿಗೆ ಯಾರ ಪಾಲು ಎಷ್ಟೆಂದು ಬರೆದುಕೊಡುತ್ತಿದ್ದರು. ಬೇರೆ ಮನೆಗಳ ಹೆಣ್ಣುಮಕ್ಕಳು ಮುದಕಪ್ಪನವರ ಸುತ್ತ ನೆರೆದು, ಹಾಗಾದರೆ ನಮ್ಮದೆಷ್ಟು ಎಂದು ಕೇಳುತ್ತಿದ್ದರು. ಮೌಲವಿಗಳ ಸಾಲಿನ ಮೊದಲಿಗೆ ನಿಂತಿದ್ದವಳು ಅವರದೇ ತಂಗಿ.

ಮುಖ್ಯ ಕಚೇರಿಯಿಂದ ಫೋನ್ ಬಂತು. ಒಂದು ವ್ಯಾಪಾರಕ್ಕೆ ಅಭಿನಂದಿಸಿ, ಮುಗಿದಿದ್ದ ಹಳೆಯ ನಲವತ್ತಮೂರು ವ್ಯಾಪಾರಗಳು ಮತ್ತೆ ಏಕೆ ತೆರೆದುಕೊಂಡಿವೆ, ಕಾರಣ ತಿಳಿಸಿ ಎಂದರು. ಎರಡು ಬೆರಳಷ್ಟು ಜಾಗ ಸಾಲದು ಎಂದು ಹೇಳಿ ಫೋನ್ ಇಟ್ಟೆ. ಇಷ್ಟೂ ಕಾಗದವನ್ನು ಅಕ್ಕತಂಗಿಯರ ಸಮೇತ ಮತ್ತೆ ಬರೆಯಬೇಕು ಎಂದು ನೆನೆದರೆ ತಲೆ ಸಿಡಿಯುತ್ತಿತ್ತು. ಈ ಊರಿನವರನ್ನು, ಬ್ಯಾಂಕನ್ನು, ನನ್ನ ಹಣೆಬರಹವನ್ನು ಸೇರಿಸಿ ಬೈಯುತ್ತ ಬೀರು ತೆಗೆಯುತ್ತಿರುವಾಗ ಲಾವಂಚದ ವಾಸನೆ ಬಂತು.

ಬಾಗಿಲಲ್ಲಿ ಬಸ್ಸಿನ ಕಂಡಕ್ಟರು ನಿಂತಿದ್ದ. ಅವನ ಕಂಕುಳಲ್ಲಿ ಹಿತ್ತಾಳೆಯ ಮೂಲೆಕಟ್ಟಿನ ಮರದ ಪೆಟ್ಟಿಗೆ, ಮೇಲೆಲ್ಲ ಕೆಂಪು ಧೂಳು.

"ಇದು ನಿಮ್ಮದಂತ ಕಾಣ್ತದರಿ ಮೇಡಂ," ಎಂದ. "ಮೂರು ಸ್ಟಾಪಿನ್ಯಾಗ ಕೆಳಗ ಇಳಿಸೀನಿ. ತಿರುಗಿ ನೋಡೂದ್ರಾಗ ಮತ್ತ ಸೀಟಿನ ಮ್ಯಾಲ ಕೂತಿರ್ತದ. ನಿಮ್ಮ ಬ್ಯಾಂಕಿನ ಮುಂದ ತಾನಾಗಿ ಇಳೀತು. ಲಗೇಜಿಂದು ಕೊಡಬೇಕಾಗ್ತದರಿ."

ನಾನು ಪೆಟ್ಟಿಗೆಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆದರೆ ಅಬ್ಬಾನ ಹನ್ನೆರಡು ಕುಪ್ಪಿಗಳು, ಒಂದೂ ಒಡೆದಿರಲಿಲ್ಲ. ಚಿಕ್ಕವಳಿದ್ದಾಗ ಪ್ರತಿ ಶುಕ್ರವಾರ ಆ ಕುಪ್ಪಿಗಳನ್ನು ಒರೆಸಿ ಸಾಲಾಗಿ ಜೋಡಿಸುವ ಕೆಲಸ ನನ್ನದಾಗಿತ್ತು. ತಮ್ಮಂದಿರು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ, ತಲೆನೋವು ಬರುತ್ತದೆ ಎನ್ನುತ್ತಿದ್ದರು. ನನಗೆ ಅದು ಬೇಕಾಗಿತ್ತು. ಆ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೂ ಬೇಕಾಗಿತ್ತು.

ಫೋನ್ ಮತ್ತೆ ಹೊಡೆದುಕೊಂಡಿತು. ಮುಖ್ಯ ಕಚೇರಿ ಎಂದುಕೊಂಡು ಸಿಡುಕುತ್ತಲೇ ಎತ್ತಿದೆ. ಹಿರಿಯ ತಮ್ಮ ಇಲಿಯಾಸ್.

"ಆಪಾ, ಅಬ್ಬಾನ ಪೆಟ್ಟಿಗೆ ಅಂಗಡಿಯಲ್ಲಿಲ್ಲ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ."

ಇಲ್ಲಿ ನನ್ನ ಮೇಜಿನ ಮೇಲಿದೆ ಎಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನ ದನಿ ಬದಲಾಯಿತು. ನೀನು ಸಹಿ ಮಾಡಿದ್ದೆಯಲ್ಲ ಆಪಾ, ಕಾಗದ ನನ್ನ ಹತ್ತಿರ ಇದೆ ಎಂದ.

"ಸಹಿ ಮಾಡಿದ್ದೆ," ಎಂದೆ. "ಎಲ್ಲಿ ಮಾಡಬೇಕು ಅಂತ ತೋರಿಸಿದಿರಿ. ಬಿಟ್ಟೆಯಾ ಅಂತ ನೀವು ಯಾರೂ ಕೇಳಲಿಲ್ಲ ಇಲಿಯಾಸ್. ಈಗ ಕೇಳು."

ನಾನು ಫೋನ್ ಇಡಲಿಲ್ಲ. ಕಂಡಕ್ಟರು ಲಗೇಜಿನ ದುಡ್ಡಿಗೆ ಕೈಚಾಚಿಕೊಂಡು ಇನ್ನೂ ಬಾಗಿಲಲ್ಲೇ ನಿಂತಿದ್ದ.